ಅರ್ಧ ಸೆಕೆಂಡು

ಮಾರ್ಲಿಸ್ ಟ್ವೆರ್ಡಾಲ್ ಕೋಟುಗಳ ಕಪಾಟಿನೊಳಗೆ
ಬಾಗಿಲು ಹಾಕಿಕೊಂಡು ಮಾತಾಡುತ್ತಾಳೆ.
ಉಣ್ಣೆ ಕೋಟು, ಗಂಡನ ಬೇಟೆಯ ಜಾಕೆಟ್ಟು,
ತೀರಿಹೋದ ಅತ್ತೆಯ ತುಪ್ಪಳದ ನಿಲುವಂಗಿ:
ಮಾರ್ದನಿಯನ್ನೆಲ್ಲ ಇವು ನುಂಗಿ ಸುಮ್ಮನಿರುತ್ತವೆ.
ಹೊರಗೆ ಮಿನ್ನೆಸೋಟದ ಅಕ್ಟೋಬರ್,
ಕೆರೆಯಂಚಿಗೆ ಗಾಜಿನಂಥ ಮೊದಲ ಹೆಪ್ಪು.

ಕೆಮ್ಮಿನ ಗುಳಿಗೆಗೆ ದನಿ ಕೊಟ್ಟವಳು,
ನಾಯಿ ಬಿಸ್ಕತ್ತಿಗೆ, ಹಲ್ಲಿನ ವಿಮೆಗೆ.
ಎರಡು ವರ್ಷಕ್ಕೊಮ್ಮೆ ಸುಗ್ಗಿ.
ಈ ಸಲದ ಸ್ಕ್ರಿಪ್ಟು ರಾತ್ರಿ ಹನ್ನೊಂದಕ್ಕೆ ಬಂತು:
ಮೂವತ್ತು ಸೆಕೆಂಡು, ಅರವತ್ತೆಂಟು ಪದ.
ಮೇಲೆ ಸೂಚನೆ: "ತಾಯಿ. ಕಳವಳ ಇರಲಿ, ಸಿಟ್ಟು ಬೇಡ.
ಬೇಲಿಯಾಚೆಯ ನೆರೆಯವಳಿಗೆ ಹೇಳಿದ ಹಾಗೆ."
ಮಾರ್ಲಿಸ್‌ಗೆ ಮಕ್ಕಳಿಲ್ಲ.
ಬೇಲಿಯೂ ಇಲ್ಲ.

"ಓರಿನ್ ಹೌಗ್‌ಸ್ಟಾಡ್ ನಮ್ಮ ಶಾಲೆ ಮುಚ್ಚಿಸಿದ."
ಸುಳ್ಳಲ್ಲ. ಮುಚ್ಚಿಸಿದ್ದು ಹೌದು.
ಹನ್ನೊಂದು ದಿನ. ಸೂರು ಕುಸಿಯುವಂತಿತ್ತು.
ಬಾಯಲ್ಲಿ ಮೊಳೆ ಕಚ್ಚಿಕೊಂಡು ತಾನೇ ಏಣಿ ಹತ್ತಿದ್ದ,
ಅವಳೇ ಕೆಳಗೆ ನಿಂತು ಕಾಫಿ ಫ್ಲಾಸ್ಕು ಹಿಡಿದಿದ್ದಳು.
ಆ ಹನ್ನೊಂದು ದಿನ
ಅರವತ್ತೆಂಟು ಪದಗಳಲ್ಲಿ ಹಿಡಿಸಲಿಲ್ಲ.

ಸೇಂಟ್ ಕ್ಲೌಡ್‌ನ ಹೋಟೆಲೊಂದರಲ್ಲಿ, ಕಿಟಕಿಯಿಲ್ಲದ ಕೋಣೆ.
ಹನ್ನೆರಡು ಮಂದಿ, ತಲೆಗೆ ಎಪ್ಪತ್ತು ಡಾಲರು, ಒಂದು ಸ್ಯಾಂಡ್‌ವಿಚ್ಚು,
ಅಂಗೈಯಲ್ಲೊಂದು ತಿರುಗಣೆ.
ಹಿಡಿಸಿತೋ ಬಲಕ್ಕೆ, ಹಿಡಿಸಲಿಲ್ಲವೋ ಎಡಕ್ಕೆ.
'ತೆರಿಗೆ' ಎಂದಾಗ ಪರದೆಯ ಮೇಲಿನ ಗೆರೆ ಮಲಗಿತು.
'ಮಕ್ಕಳು' ಎಂದಾಗ ಎದ್ದು ಕೂತಿತು.
ಮರುದಿನದ ಸ್ಕ್ರಿಪ್ಟಿನಲ್ಲಿ ಮಕ್ಕಳು ಮೂರು ಕಡೆ.
ಇಷ್ಟು ಸಲೀಸು ಹೆರಿಗೆ ಎಲ್ಲೂ ಆಗಿಲ್ಲ.

ಏಳನೇ ಸಲ ಓದುವಾಗ ಗಂಟಲಲ್ಲಿ ಏನೋ ಸಿಕ್ಕಿ
ಕೊನೆಯ ಸಾಲಿನ ನಡುವೆ ನಿಂತಳು:
"ಅವನನ್ನು — ನಂಬಬಹುದಾ?"
ಅರ್ಧ ಸೆಕೆಂಡು.
ಉಗುಳು ನುಂಗಿದ್ದು, ಅಷ್ಟೆ.
ಹೆಡ್‌ಫೋನಿನೊಳಗಿಂದ ವಾಷಿಂಗ್ಟನ್ನಿನ ಹುಡುಗ ಕೂಗಿಕೊಂಡ:
"ಅದೇ! ಅದನ್ನು ಯಾರೂ ಮುಟ್ಟಬೇಡಿ!"
ಪದಕ್ಕೆ ಲೆಕ್ಕವಿದೆ.
ನಿಂತದ್ದಕ್ಕೆ ಬಿಲ್ಲು ಬರೆಯುವುದು ಹೇಗೆ?

ಗುರುವಾರ ಎದುರು ಕಡೆಯವರ ಕರೆ. ಬೇರೆ ಕಂಪನಿ.
"ಅಕ್ಕ. ಹೆಮ್ಮೆ. ತುಸು ಬಿಸಿಲು."
ಶ್ರುತಿ ಅರ್ಧ ಇಳಿಸಿ ಓದಿದಳು:
ಸೂರು ಸೋರಿದಾಗ ಏಣಿ ಹತ್ತಿದ ನಮ್ಮ ಓರಿನ್.
ಈಗ ಮೊಳೆಗಳಿಗೆ ಜಾಗ ಸಿಕ್ಕಿತ್ತು.
ಎರಡೂ ಒಂದೇ ಬಿಡುವಿನಲ್ಲಿ ಪ್ರಸಾರವಾದವು,
ನಡುವೆ ಒಂದು ಟ್ರಕ್ಕು, ಒಂದು ಹಾಸಿಗೆ.
ಬೈದ ಬಾಯಿಯೇ ಹೊಗಳಿತೆಂದು ಯಾರಿಗೂ ತಿಳಿಯಲಿಲ್ಲ.
ನಾಯಿ ಮಾತ್ರ
ಎರಡು ಸಲವೂ ಕಿವಿ ನಿಮಿರಿಸಿತು.

ಶನಿವಾರ ಅಂಗಡಿಯಲ್ಲಿ, ಗಲ್ಲಾದ ಹೆಂಗಸು
ಮೊಟ್ಟೆಯ ಡಬ್ಬಿ ತೆರೆದು ಒಡಕು ಹುಡುಕುತ್ತ
ಪಕ್ಕದವಳಿಗೆ ಹೇಳುತ್ತಿದ್ದಳು:
"ಓರಿನ್ ಒಳ್ಳೆಯವನೇ, ಇಲ್ಲವೆಂದವರಾರು.
ಆದರೂ ಅವನನ್ನು — ನಂಬಬಹುದಾ?"
ಅದೇ ಜಾಗ. ಅದೇ ಅಳತೆ.
ತನ್ನ ಉಗುಳು ಇನ್ನೊಬ್ಬಳ ಗಂಟಲಲ್ಲಿ ಇಳಿಯುವುದನ್ನು
ಮಾರ್ಲಿಸ್ ಕಣ್ಣಾರೆ ಕಂಡಳು.
ಹನ್ನೊಂದೇ ದಿನ ಕಣ್ರೀ, ಎನ್ನಬೇಕೆಂದಳು. ನಾಲಿಗೆ ಏಳಲಿಲ್ಲ.
ಕಾರ್ಡಿನ ಯಂತ್ರ ಕೇಳಿತು: ಮೊತ್ತ ಸರಿಯೇ?
ಹೌದು, ಒತ್ತಿದಳು.

ಆಡಿದ ಮಾತು ಒಡೆದ ಮುತ್ತಿನ ಹಾಗೆ, ಹೋಯಿತೆಂದರೆ ಹೋಯಿತಂತೆ.
ಆಡದೆ ನಡುವೆ ಬಿಟ್ಟದ್ದು
ಹೋಗುವುದಿಲ್ಲ; ಮನೆಮನೆಯಲ್ಲಿ ಊಟಕ್ಕೆ ಕೂರುತ್ತದೆ.

ಮಂಗಳವಾರ, ಮತದ ದಿನ, ಬೆಳಗಿನ ಕಾಫಿ.
"ಐವರ್, ಹಾಲು — ಇದೆಯಾ?"
ಇನ್ನೇನೂ ಕೇಳಿರಲಿಲ್ಲ ಅವಳು.
ಐವರ್ ಫ್ರಿಜ್ಜು ತೆರೆದ. ಡಬ್ಬಿಯ ಮೇಲಿನ ತಾರೀಖು ಓದಿದ.
ಮೂಸಿದ. ದೀಪದ ಕೆಳಗೆ ಹಿಡಿದು
ಮತ್ತೊಮ್ಮೆ ಮೂಸಿದ.
ಚೆನ್ನಾಗಿಯೇ ಇತ್ತು.
ಸಿಂಕಿಗೆ ಸುರಿದ.