ಹತ್ತೊಂಬತ್ತನೆಯ ರಾತ್ರಿ

ಮೊಟ್ಟೆಯ ಒಂದು ಮಗ್ಗುಲಿಗೆ ಗುಣಿಸುವ ಗುರುತು,
ಇನ್ನೊಂದಕ್ಕೆ ಸೊನ್ನೆ, ಸೀಸದಕಡ್ಡಿಯಲ್ಲಿ.
ದಿನಕ್ಕೆ ಮೂರು ಸಲ ಮಗುಚುವ ಲೆಕ್ಕ ಲೋರೆಯದು,
ಒಂಬತ್ತು ವರ್ಷದವಳು, ನನಗಿಂತ ಕಟ್ಟುನಿಟ್ಟು.
ಹದಿನೆಂಟಾದ ಮೇಲೆ ಯಾರೂ ಮುಟ್ಟಕೂಡದೆಂದು
ಕಾವಿನ ಪೆಟ್ಟಿಗೆಗೆ ಚೀಟಿ ಅಂಟಿಸಿದ್ದಳು.

ಹತ್ತೊಂಬತ್ತನೆಯ ರಾತ್ರಿ ಕರೆಂಟು ಹೋಯಿತು.

ಹೀಯುಮಾ ದ್ವೀಪದ ಏಪ್ರಿಲ್ ಗಾಳಿಗೆ ಯಾರ ಮುಲಾಜೂ ಇಲ್ಲ.
ಪೈನ್ ಮರವೊಂದು ತಂತಿಯ ಮೇಲೆ ಮಲಗಿತ್ತು.
ಫೆರ್ರಿ ನಿಂತಿತ್ತು, ಅದರ ಎಂಜಿನ್ ಕೋಣೆಯ ಆರ್ವೊ ಆಚೆ ದಡದಲ್ಲಿ.
ಮೂವತ್ತೇಳೂವರೆ ಇದ್ದದ್ದು ಮೂವತ್ತೈದು,
ನಾವು ಮೇಣದಬತ್ತಿ ಹುಡುಕುವಷ್ಟರಲ್ಲಿ ಮೂವತ್ತನಾಲ್ಕು.
'ಅಮ್ಮಾ, ಸೌನಾ' ಅಂದಳು ಲೋರೆ.

ಶನಿವಾರದ ಬಿಸಿ ಇನ್ನೂ ಕಲ್ಲುಗಳ ಹೊಟ್ಟೆಯಲ್ಲಿತ್ತು.
ಬ್ರೆಡ್ಡಿನ ಬುಟ್ಟಿಯಲ್ಲಿ ಹನ್ನೆರಡು ಮೊಟ್ಟೆ ಹೊತ್ತು
ಹಿಮ ಕರಗಿದ ಅಂಗಳದಲ್ಲಿ ಬಸುರಿಯ ಹಾಗೆ ನಡೆದೆ,
ಒಂದು ಕೈ ಬುಟ್ಟಿಗೆ, ಒಂದು ಕೈ ಗೋಡೆಗೆ.
ಹುಡುಗಿ ಎತ್ತಲೋ ಓಡಿ, ಎರಡೂ ಮುಷ್ಟಿ ತುಂಬ
ಬೂದುಬಣ್ಣದ ತುಪ್ಪಳ ತಂದಳು.
ಏಳನೆಯ ಗೂಡಿನ ಮೊಲ ಸಂಜೆಯಿಂದ
ತನ್ನದೇ ಎದೆಯ ಕೂದಲು ಕಿತ್ತು ಕಿತ್ತು ಹಾಸುತ್ತಿತ್ತಂತೆ.
'ಕೇಳಿಯೇ ತಗೊಂಡೆ' ಅಂದಳು.
'ಏನಂತು?'
'ಮೂಗು ಅಲ್ಲಾಡಿಸಿತು.'

ಒಂದು ಕೊರಡು ಹೆಚ್ಚಾದರೆ ಬೆಂದ ಮೊಟ್ಟೆ,
ಕಡಿಮೆಯಾದರೆ ಹೊಳೆಯ ಕಲ್ಲು.
ಗಂಟೆಗೊಮ್ಮೆ ಅರ್ಧ ಸೌಟು ನೀರು: ಹಬೆಯೇಳುವಷ್ಟು, ಮೈ ಬೆವರುವಷ್ಟಲ್ಲ.
ನನ್ನಜ್ಜಿ ಅಲ್ವೀನೆ ಅಮ್ಮನನ್ನು ಹೆತ್ತದ್ದು ಇದೇ ಕೆಳಗಿನ ಹಲಗೆಯ ಮೇಲೆ,
ಆಗ ಊರಿಗೆಲ್ಲ ಸೌನಾವೇ ಬಾಣಂತಿ ಕೋಣೆ.
ಹಲಗೆಯಲ್ಲೊಂದು ಕಚ್ಚಿದ ಗುರುತಿದೆ. ಅಜ್ಜಿಯದೆಂದು ಅಮ್ಮ,
ಇಲಿಯದೆಂದು ಅಪ್ಪ.

ಎರಡು ರಾತ್ರಿ ಹೀಗೆ.
ಮೂರನೆಯ ಬೆಳಗ್ಗೆ ಮೊಟ್ಟೆಯೊಳಗಿಂದ ಯಾರೋ
ಬಾಗಿಲು ತಟ್ಟಿದ ಸದ್ದು, ಅಪರಿಚಿತರಂತೆ ನಯವಾಗಿ.
ಸೊನ್ನೆಯ ನಟ್ಟನಡುವೆ ಬಿರುಕು.
ಏಳು ಬಂದವು, ಒದ್ದೆ, ಕೊಳಕು, ಸಿಟ್ಟಿನ ಮುಖದವು.
ನಾಲ್ಕು ಮಾತೇ ಆಡಲಿಲ್ಲ.
ಒಂದು ಕೊಕ್ಕಷ್ಟೇ ಹೊರಗಿಟ್ಟು ಅಲ್ಲಿಗೇ ನಿಲ್ಲಿಸಿತು;
ಅದನ್ನು ಲೋರೆಯೇ ಸೇಬಿನ ಗಿಡದ ಬುಡದಲ್ಲಿ ಹೂತಳು,
ನಾನು ಗುದ್ದಲಿ ಕೊಟ್ಟೆ, ಅಷ್ಟೇ.

ಮೊಲವೂ ಹೆತ್ತಿತ್ತು. ಎಂಟು, ಕಣ್ಣಿಲ್ಲದವು, ಬತ್ತಲೆ,
ಹೆಬ್ಬೆರಳಿಗೆ ಉಸಿರು ಬಂದ ಹಾಗೆ.
'ಅದು ಹತ್ತಿರವೇ ಹೋಗಲ್ಲ, ಕೆಟ್ಟ ತಾಯಿ' ಅಂದಳು ಹುಡುಗಿ,
ತುಪ್ಪಳದ ಸಾಲ ಆಗಲೇ ಮರೆತು.
ನಸುಕಿನಲ್ಲಿ ಎಬ್ಬಿಸಿ ತೋರಿಸಿದೆ:
ಬಂತು, ನಿಂತಲ್ಲೇ ಐದು ನಿಮಿಷ ಹಾಲೂಡಿತು, ಹೋಯಿತು.
ಅಲ್ಲೇ ಕೂತರೆ ವಾಸನೆ ಹಿಡಿದು ನರಿ ಬರುತ್ತದೆ,
ದೂರ ಇರುವುದೂ ಕಾವಲೇ, ಅಂದೆ.
ಅವಳು ಸುಮ್ಮನಿದ್ದಳು. ಆಮೇಲೆ
'ಅಪ್ಪನ ಫೋನೂ ಐದೇ ನಿಮಿಷ' ಅಂದಳು.

ನಮ್ಮಲ್ಲೊಂದು ನಿಯಮ: ಬಾಣಲೆಗೆ ಹೋಗುವುದಕ್ಕೆ ಹೆಸರಿಲ್ಲ.
ಗೂಡಿಗೆ ನಂಬರು, ಹುಂಜಕ್ಕೆ ಕಾಲಿನ ದಾರ.
ಸೆಪ್ಟೆಂಬರಿಗೆ ಪಕ್ಕದ ಎಂಡೆಲ್ ಚಾಕು ಮಸೆದು ಬರುತ್ತಾನೆ,
ಒಂದು ತೊಡೆ ಅವನಿಗೆ.
ಲೋರೆಗೆ ಎಲ್ಲ ಗೊತ್ತು. ಊಟಕ್ಕೆ ಎರಡನೆಯ ಸಲ ತಟ್ಟೆ ಒಡ್ಡುವವಳೂ ಅವಳೇ.

ನಿನ್ನೆ ಹುಲ್ಲು ಬದಲಿಸಲು ಏಳನೆಯ ಗೂಡಿನೊಳಗೆ ಬಗ್ಗಿದೆ.
ಹಿಂದಿನ ಹಲಗೆಯ ಮೇಲೆ, ಮೂಲೆಯಲ್ಲಿ,
ಸೀಸದಕಡ್ಡಿಯ ಎಂಟು ಸಾಲು, ಪುಟ್ಟ ಅಕ್ಷರ.

ಟಾರ್ಚನ್ನು ಬೇರೆ ಕಡೆ ತಿರುಗಿಸಿ
ಹುಲ್ಲು ಹಾಸಿದೆ.