ಒಣ ಸೇತುವೆಯ ದರ

ತ್ಬಿಲಿಸಿಯ ಒಣ ಸೇತುವೆಯ ಕೆಳಗೆ ನೀರಿಲ್ಲ,
ಮೋಟಾರುಗಳು ಹರಿಯುತ್ತವೆ.
ಹೊಳೆ ಆಚೆಗಿದೆ. ಅದರ ಗಾಳಿ ಮಾತ್ರ ಇಲ್ಲಿಗೆ ಬಂದು
ನನ್ನ ಹಾಸುಬಟ್ಟೆಯ ಅಂಚು ಎತ್ತಿ ನೋಡುತ್ತದೆ
ಕೊಳ್ಳದ ಗಿರಾಕಿಯ ಹಾಗೆ.

ಹಾಸಿನ ಮೇಲೆ ಮೂರು ಕ್ಯಾಮೆರಾ, ಒಂದೂವರೆ ದುರ್ಬೀನು,
ಹನ್ನೊಂದು ಚಮಚ.
ಹನ್ನೆರಡನೆಯದು ಎಲ್ಲಿ ಎಂದು ಕೇಳಬೇಡಿ.

ನಾನು ಝುಝುನಾ. ಬೂಟಿನ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ಲೆಕ್ಕ ಬರೆದವಳು.
ಅಂಕಿ ತಾನಾಗಿ ಸುಳ್ಳು ಹೇಳುವುದಿಲ್ಲ.
ಹೇಳಿಸಿದ್ದು ನಾನೇ, ವರ್ಷಕ್ಕೆ ನಾಲ್ಕು ಸಲ,
ಮೇಲಿನವರು ಕೇಳಿದಷ್ಟು ಬೂಟು ಹೊಲಿದು ಮುಗಿಯಿತೆಂದು.
ಈಗ ಹೇಳುವುದು ಮಾತ್ರ ನಿಜದ ಲೆಕ್ಕ.

ಎಪ್ಪತ್ತೆರಡರಲ್ಲಿ ಮುರ್ಮಾನ್ ಜೆನಿತ್ ತಂದ.
ಲೆನ್ಸ್ ಸೇರಿ ನೂರು ರೂಬಲ್.
ನನ್ನ ತಿಂಗಳ ಸಂಬಳ ತೊಂಬತ್ತು.
ಅಂದರೆ ಒಂದು ತಿಂಗಳು ಪೂರ್ತಿ ನಾನು
ಅದರ ಚರ್ಮದ ಚೀಲದೊಳಗೆ ಮಡಿಚಿಕೊಂಡು ಕೂತಿದ್ದೆ,
ಮೇಲೆ ಹತ್ತು ರೂಬಲ್ ಸಾಲ.
ಅತ್ತೆ ಅಂದಳು, ಹೊಟ್ಟೆಗೆ ಹಿಟ್ಟಿಲ್ಲ,
ಕುತ್ತಿಗೆಗೆ ಗಾಜು.
ಆಮೇಲೆ ತಾನೇ ತಲೆವಸ್ತ್ರ ಬದಲಿಸಿ ಬಂದು
ಕಿಟಕಿಯ ಪಕ್ಕ ನೆಟ್ಟಗೆ ನಿಂತಳು.

ರೀಲು ಆಗ ಮೂವತ್ತೈದು ಕೊಪೆಕ್.
ಮೋಡ ತೆಗೆದ, ಟ್ರಾಮಿನ ತಂತಿ ತೆಗೆದ,
ನಾನು ಬಟಾಣಿ ಬಿಡಿಸುವುದನ್ನು ಮೂವತ್ತಾರು ಸಲ ತೆಗೆದ.
ಒಂದರಲ್ಲೂ ನನ್ನ ತಲೆ ಪೂರ್ತಿ ಇಲ್ಲ.
ಬೈದರೆ, ಕೈ ಚೆನ್ನಾಗಿ ಬಂದಿದೆಯಲ್ಲ, ಅನ್ನುತ್ತಿದ್ದ.

ಆಮೇಲೆ ತೊಂಬತ್ತಮೂರರ ಚಳಿ.
ಗ್ಯಾಸಿಲ್ಲ, ದೀಪವಿಲ್ಲ, ಬ್ರೆಡ್ಡಿನ ಸಾಲು ಬೆಳಗಿನ ಜಾವ ಮೂರಕ್ಕೆ.
ರೂಬಲ್ ಹೋಗಿ ಕೂಪನ್ ಬಂತು.
ಅದರ ಸೊನ್ನೆಗಳು ಒಂದು ವರ್ಷ ಕಳೆಯುವುದರೊಳಗೆ
ನನ್ನ ಪುಸ್ತಕದ ಗೆರೆ ದಾಟಿ ಪಕ್ಕದ ಮನೆಗೆ ಹೋದವು.
ಮುರ್ಮಾನ್ ಬೆಳಿಗ್ಗೆ ಕ್ಯಾಮೆರಾ ಹಾಕಿಕೊಂಡು ಹೋದ,
ಸಂಜೆ ಸೀಮೆಎಣ್ಣೆಯ ಕ್ಯಾನು ಹೊತ್ತು ಬಂದ.
ಏನೂ ಕೇಳಲಿಲ್ಲ ನಾನು.
ಒಂಬತ್ತು ದಿನ ಉರಿಯಿತು.
ಆ ಒಂಬತ್ತು ದಿನದಷ್ಟು ಸ್ಪಷ್ಟವಾಗಿ ಅವನ ಮುಖ
ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಇಲ್ಲ.

ಇವತ್ತಿನ ದರ ಬೇಕೆ?
ಹೊತ್ತಾರೆ ಕೊರಿಯಾದ ಹುಡುಗನೊಬ್ಬ ಬಂದು
ಒಂದು ಜೆನಿತ್ ಎತ್ತಿದ, ಮೂಸಿದ,
ಲೆನ್ಸನ್ನು ಜಾಡಿಯ ಮುಚ್ಚಳದ ಹಾಗೆ ತಿರುಗಿಸಿ ಬಿಚ್ಚಿದ.
ಲೆನ್ಸಿಗೆ ನೂರಿಪ್ಪತ್ತು ಲಾರಿ, ಚೌಕಾಸಿಯೇ ಇಲ್ಲ.
ಮೈ ಬೇಡವಂತೆ. ಮೈ ಭಾರ.
ಯಾಕಪ್ಪ ಈ ಗಾಜಿನ ಹುಚ್ಚು ಅಂದೆ.
ಫೋನಿನಲ್ಲಿ ಒಂದು ಪಟ ತೋರಿಸಿದ:
ಮುಂದೆ ನಿಂತ ಹುಡುಗಿ ಚೂಪಾಗಿ ಇದ್ದಾಳೆ,
ಹಿಂದಿನದೆಲ್ಲ ಸುಳಿ ಸುಳಿಯಾಗಿ ತಿರುಗುತ್ತದೆ.
ಅದಕ್ಕೇ ದುಡ್ಡು ಕೊಡುತ್ತಾರಂತೆ,
ಹಿಂದಿನದು ಹಾಗೆ ತಿರುಗುವುದಕ್ಕೆ.
ನನಗೆ ಪುಕ್ಕಟೆ ಆಗುತ್ತದೆ ಅಂದೆ. ಅವನಿಗೆ ತಿಳಿಯಲಿಲ್ಲ.

ರೀಲು ಎಷ್ಟು ಅಂತ ನಾನೇ ಕೇಳಿದೆ. ನಲವತ್ತೈದು ಲಾರಿ.
ನನ್ನ ಪಿಂಚಣಿಗೆ ಹತ್ತು ರೀಲು.
ಹುಡುಗ ಇಡೀ ದಿನ ಸುತ್ತಿ ಎರಡೋ ಮೂರೋ ಒತ್ತುತ್ತಾನಂತೆ,
ಉಸಿರು ಹಿಡಿದು.
ಇವನ ಕೈಲಿ ಬಟಾಣಿ ಬಿಡಿಸುವವಳು ಯಾವತ್ತೂ ಸಿಕ್ಕುವುದಿಲ್ಲ.

ಸಿಗುವ ಪ್ರತಿ ಜೆನಿತಿನ ತಳ ಹೊರಳಿಸಿ ನೋಡುತ್ತೇನೆ.
ಮೊಳೆಯಲ್ಲಿ ಗೀಚಿದ ಒಂದು ಅಕ್ಷರ ಇರಬೇಕು ಅಲ್ಲಿ,
ನಮ್ಮ 'ಮ', ಬಾಲ ಸ್ವಲ್ಪ ಸೊಟ್ಟ.
ಇಪ್ಪತ್ತು ವರ್ಷದಲ್ಲಿ ನೂರಾರು ತಳ ನೋಡಿದ್ದೇನೆ.
ಒಂದರ ಮೇಲೆ ಹಲ್ಲಿನ ಗುರುತಿತ್ತು. ಯಾರದೋ.

ಉಳಿದದ್ದು ಅದರ ರಹದಾರಿ ಪುಸ್ತಕ,
ಅಂಗಡಿಯ ಮುದ್ರೆ, ನೇರಳೆ ಶಾಯಿಯಲ್ಲಿ ಬೆಲೆ:
ನೂರು. ಪಕ್ಕದಲ್ಲಿ ಕೊಪೆಕ್ ಜಾಗಕ್ಕೆ ಎರಡು ಸೊನ್ನೆ,
ಯಾರೋ ನನ್ನಂಥವಳು ಶ್ರದ್ಧೆಯಿಂದ ಬರೆದದ್ದು.
ಕೊರಿಯಾದ ಹುಡುಗ ಅದನ್ನೂ ಎತ್ತಿ, ಇದೆಷ್ಟು ಅಂದ.
ಅದರಲ್ಲೇ ಬರೆದಿದೆ, ಓದು, ಅಂದೆ.
ನಕ್ಕು ಇಟ್ಟುಹೋದ.

ಗಾಳಿ ಜೋರಾಯಿತು. ಪುಸ್ತಕ ಹಾರದ ಹಾಗೆ
ಲೆನ್ಸಿಲ್ಲದ ಆ ಜೆನಿತನ್ನು ಅದರ ಮೇಲಿಟ್ಟೆ.
ಒಳ್ಳೆ ಭಾರ ಇದೆ.