ಎರಡು ಗೆಣ್ಣಿನಾಳ

ಮೊದಲ ಗಿಡವನ್ನು ಬಾರೆಂಡ್ ಕೊಂದದ್ದು ಪ್ರೀತಿಯಿಂದ.
ಎರಡನೆಯದನ್ನೂ.
ಮೂರನೆಯದಕ್ಕೆ ಪಾತ್ರೆ ತೊಳೆದ ನೀರು, ಮೈ ತೊಳೆದ ನೀರು,
ಒಂದು ಸಲ ಅರ್ಧ ಲೋಟ ಕಾಫಿ ಕೂಡ.
ಬುಡ ಕೊಳೆತು, ಹಿಡಿದರೆ ಅಂಗೈ ತುಂಬ
ನಿನ್ನೆಯ ಮೀನಿನ ಲೋಳೆ.

ಪೋರ್ಟ್ ನೊಲ್ಲೊತ್‌ನಲ್ಲಿ ಮಳೆಯೆಂದರೆ ದೂರದ ನೆಂಟ:
ಬರುತ್ತೇನೆಂದು ಹೇಳಿ ಕಳಿಸುತ್ತದೆ, ಬರುವುದಿಲ್ಲ.
ಬರುವುದು ಮಂಜು.
ನಸುಕಿಗೆ ಕಡಲಿಂದೆದ್ದು
ತಗಡಿನ ಮಾಡು, ದೋಣಿಯ ಹಗ್ಗ, ನಾಯಿಯ ಮೀಸೆ ನೆನೆಸಿ
ಹತ್ತು ಗಂಟೆಗೆ, ಏನೂ ನಡೆದೇ ಇಲ್ಲವೆಂಬಂತೆ,
ಎದ್ದು ಹೋಗುತ್ತದೆ.
ಸೂರ್‌ಫೇ ಬಳ್ಳಿಗೆ ಅಷ್ಟೇ ಊಟ.
ಹಣ್ಣು ಹುಳಿ, ಅಂಜೂರದ ದೂರದ ಸೋದರನೆಂಬ ಹೆಸರು,
ಎಲೆಗೆ ಮೂರು ಅಂಚು, ದೋಣಿಯ ಅಡಿಯ ಹಾಗೆ,
ಒಳಗೆಲ್ಲ ಕೂಡಿಟ್ಟ ನೀರು.

ಇಪ್ಪತ್ತೆರಡು ವರ್ಷ ಅವನು
ಹತ್ತು ಮಾರು ಕೆಳಗೆ, ಹಸಿರು ಕತ್ತಲಲ್ಲಿ,
ಕೊಳವೆ ಹಿಡಿದು ಜಲ್ಲಿ ಹೀರಿದವನು.
ವಜ್ರ ಹೋದದ್ದು ಬೇರೆಯವರ ಬೆರಳಿಗೆ.
ಎಡಗಿವಿ ಹೋಯಿತು. ಆಮೇಲೆ ದೋಣಿಯೂ.
ಮನೆಗೆ ಬಂದ ಕೈಗಳಿಗೆ ಏನಾದರೂ ಕೊಡಬೇಕಲ್ಲ
ಎಂದು ಬಕೆಟ್ ಕೊಟ್ಟೆ.
ತಪ್ಪು ನನ್ನದೇ.

ನಾಲ್ಕನೆಯದನ್ನು ಸಾರ್ಚಿ ಚಿಕ್ಕಮ್ಮನ ಬೇಲಿಯಿಂದ ಮುರಿದು ತಂದೆ.
ಗೇಣುದ್ದದ ಕಡ್ಡಿ, ಐದು ಜೊತೆ ಎಲೆ.
‘ಈಗಲೇ ನೆಡೋಣ’ ಅಂದ.
‘ಗಾಯ ಒಣಗಲಿ’ ಅಂದೆ.
ಎರಡು ದಿನ ಕಿಟಕಿಯ ಹಲಗೆಯ ಮೇಲೆ, ನೆರಳಲ್ಲಿ.
ಮುರಿದ ತುದಿ ಚರ್ಮ ಕಟ್ಟುವ ತನಕ
ಅದಕ್ಕೆ ಮಣ್ಣೂ ಬೇಡ, ನೀರೂ ಬೇಡ.
ಅವನಿಗೆ ನಂಬಿಕೆಯಿಲ್ಲ. ರಾತ್ರಿ ಎರಡು ಸಲ ಎದ್ದು,
ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆವವನಂತೆ ನಡೆದು,
ನೋಡಿ ಬಂದ.

ಆಮೇಲೆ ಮರಳು. ಒಂದು ಹಿಡಿ ಚಿಪ್ಪಿನ ಪುಡಿ.
‘ಗೊಬ್ಬರ?’ ಬೇಡ.
‘ಕುರಿ ಹಿಕ್ಕೆ?’ ಅದೂ ಬೇಡ.
‘ಮತ್ತೆ ಏನು ಕೊಡೋದು?’
ಬಿಸಿಲು ಕೊಡು. ಅಡ್ಡ ನಿಲ್ಲಬೇಡ.

ಬೆರಳು ಊರು, ಎರಡು ಗೆಣ್ಣಿನಾಳ.
ತೇವ ತಾಕಿದರೆ ಎದ್ದು ಬಾ.
ಒಣಗಿದ್ದರೂ ಎದ್ದು ಬಾ, ಮತ್ತೆರಡು ದಿನ ಬಿಟ್ಟು ಕೇಳು.
ಎಲೆ ಸುಕ್ಕಾದ ದಿನ ಒಂದು ಲೋಟ.
ಆ ದಿನ ಮಾತ್ರ, ಕೇಳಿಸಿತೇ,
ಬಲಗಿವಿಗೆ ಹೇಳುತ್ತಿದ್ದೇನೆ.

ಹತ್ತು ಮಾರು ಇಳಿದವನು
ದಿನಾ ಬೆಳಗ್ಗೆ ಮಂಡಿಯೂರಿ
ಎರಡು ಗೆಣ್ಣು ಇಳಿಯುತ್ತಾನೆ,
ಖಾಲಿ ಕೈಯಲ್ಲಿ ಮೇಲೆ ಬರುತ್ತಾನೆ.
ಅದೇನೂ ಅವನಿಗೆ ಹೊಸದಲ್ಲ.

ಮರುವರ್ಷದ ಚಳಿಗಾಲಕ್ಕೆ ಬಳ್ಳಿ
ಗೇಟು ದಾಟಿತು. ಹರಿದಲ್ಲೆಲ್ಲ ಗಂಟಿಗೊಂದು ಬೇರು,
ಒಂದೊಂದು ಗಂಟೂ ಮರಳಿನ ಕುತ್ತಿಗೆಪಟ್ಟಿ ಹಿಡಿದು ಕೂತಿತು.
ಬಾಗಿಲ ಸಂದಿಯಿಂದ ಬ್ರೆಡ್ಡಿನವರೆಗೆ ಬರುತ್ತಿದ್ದ ಮರಳು
ಈಗ ಬರುವುದಿಲ್ಲ.
ಅಡುಗೆಮನೆಯ ಗೋಡೆಯ ಬದಿ ಮಾತ್ರ
ಒಂದು ಮೊಳ ಕೊಳೆಯಿತು.
‘ಮಂಜು ಜಾಸ್ತಿಯಾಗಿರಬೇಕು’ ಅಂದ ಬಾರೆಂಡ್.
ಮಂಜಿಗೆ ಸೋಪಿನ ವಾಸನೆಯೇ, ಎಂದು ನಾನು ಕೇಳಲಿಲ್ಲ.
ಕೊಯ್ದು ಬಿಸಾಡಿ,
ಚೆನ್ನಾಗಿದ್ದ ತುದಿಗಳನ್ನು ಕಿಟಕಿಯ ಮೇಲಿಟ್ಟೆ.

ಇಂದು ಆಗಸ್ಟಿನ ಮೊದಲ ಹೂ.
ಮುಂಜಾನೆ ಮುಷ್ಟಿ ಬಿಗಿದುಕೊಂಡಿತ್ತು.
ಮಂಜೆದ್ದು ಬಿಸಿಲು ಬಿದ್ದ ಮೇಲೆ,
ಯಾರೂ ಕೇಳದೆ, ಯಾರೂ ಎಳೆಯದೆ,
ಎಳೆ ಎಳೆಯಾಗಿ ಹಳದಿ.
ಸಂಜೆಗೆ ಮತ್ತೆ ಮುಚ್ಚುತ್ತದೆ.
ಮುದಿಯಾದಂತೆ ಗುಲಾಬಿಗೆ ತಿರುಗುತ್ತದಂತೆ, ನೋಡಬೇಕು.

ಅದರೆದುರು ಬಕೆಟ್ಟನ್ನು ಬೋರಲು ಹಾಕಿ
ಅದರ ಮೇಲೆ ಕೂತಿದ್ದಾನೆ,
ಕೈಗಳೆರಡೂ ತೊಡೆಯ ಮೇಲೆ.
ನೆಲ ಒರೆಸಲು ನನಗೆ ಆ ಬಕೆಟ್ ಬೇಕಿತ್ತು.
ಇರಲಿ.
ನಾಳೆ ಒರೆಸಿದರಾಯಿತು.